ಕೆರೆಯ ಎರಡು ಹಾಡುಗಳು ಮತ್ತು ಊರಿನ ತಾಳಿಕೆ

ಕೆರೆಯನ್ನು ಕುರಿತ ಹಳ್ಳಿಯ ಹಾಡುಗಳು ಕನ್ನಡದಲ್ಲಿ ಅನೇಕವಿವೆ. ಅವುಗಳಲ್ಲಿ ಎರಡನ್ನು ಒಮ್ಮೆಯಾದರೂ ಕೇಳದ ಕನ್ನಡಿಗರು ವಿರಳ. ಒಂದು, ‘ಕೆರೆಗೆ ಹಾರ’ವೆಂಬ ಕಥನಗೀತ. ಇನ್ನೊಂದು, ಮದಗದ ಕೆರೆ ತುಂಬಿ ಉಕ್ಕಿದ ಸಂಗತಿಯನ್ನು ಹೇಳುವ ಹಾಡು. ಮೊದಲನೆಯದನ್ನು ವಿಮರ್ಶಕರು ಕರುಣರಸಕ್ಕೆ ಉದಾಹರಣೆಯಾಗಿ ಎತ್ತಿ ತೋರಿಸುತ್ತ ಬಂದಿದ್ದಾರೆ. ಎರಡನೆಯದನ್ನು ಗಾಯಕರು ಧಾಟಿಯ ಸೊಗಸಿಗಾಗಿ ಹಾಡುತ್ತ ಬಂದಿದ್ದಾರೆ. ಇವೆರಡನ್ನೂ ಪಕ್ಕದಲ್ಲಿಟ್ಟುಕೊಂಡು ಓದಿದರೆ ಹೊಳೆಯುವ ಅರ್ಥವೇ ಬೇರೆ. ಒಂದರಲ್ಲಿ ಕೆರೆಗೆ ನೀರು ಬಾರದು. ಇನ್ನೊಂದರಲ್ಲಿ ಬಂದ ನೀರು ನಿಲ್ಲದು. ಒಂದು ಬರದ ಹಾಡು, ಇನ್ನೊಂದು ನೆರೆಯ ಹಾಡು. ಆಪತ್ತು ಬಂದಾಗ ಒಂದು ಊರು ಹೇಗೆ ಯೋಚಿಸುತ್ತದೆ, ಯಾರಿಗೆ ಹೇಳುತ್ತದೆ, ಯಾರ ಹೆಗಲ ಮೇಲೆ ಭಾರ ಹೊರಿಸುತ್ತದೆ ಎಂಬ ವಿಚಾರವೇ ಎರಡರ ಒಳಗಿನ ತಿರುಳು. ಈ ದೃಷ್ಟಿಯಿಂದ ಅವುಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಪರಿಶೀಲನೆಗೆ ಇಂದಿನ ಕಾಲವೇ ಒಂದು ಕಾರಣವಾಗಿದೆ. ಭೂಮಿಯ ಉಷ್ಣತೆ ಏರುತ್ತಿರುವುದು ಈಗ ಸಂದೇಹಕ್ಕೆ ಎಡೆಯಿಲ್ಲದ ವಿಷಯ. ಗಾಳಿಯ ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಹೆಚ್ಚಿದರೆ ಅದು ಹಿಡಿದಿಡಬಲ್ಲ ನೀರಾವಿಯು ಶೇಕಡ ೭ರಷ್ಟು ಹೆಚ್ಚುತ್ತದೆಂದು ವಿಜ್ಞಾನಿಗಳು ಹೇಳುತ್ತಾರೆ. ಹೀಗಾಗಿ ಮಳೆ ಹದವಾಗಿ ಹಂಚಿಕೊಂಡು ಬಾರದೆ, ಬಹುದಿನ ತಡೆದು, ಬಂದಾಗ ಒಮ್ಮೆಲೇ ಸುರಿಯುವುದು ಹೆಚ್ಚಾಗುತ್ತಿದೆ. ೨೦೧೯ರ ಆಗಸ್ಟಿನಲ್ಲಿ ಉತ್ತರ ಕರ್ನಾಟಕದ ಹಲವು ತಾಲ್ಲೂಕುಗಳು ಬರದ ಬವಣೆಯಿಂದ ಚೇತರಿಸಿಕೊಳ್ಳುವ ಮೊದಲೇ ಪ್ರವಾಹಕ್ಕೆ ಸಿಕ್ಕಿದುವು. ೨೦೨೨ರಲ್ಲಿ ತೆಂಕಣ ಜಿಲ್ಲೆಗಳ ಕೆರೆಗಳು ತುಂಬಿ ಕೋಡಿ ಹರಿದುವು. ಮರುವರ್ಷವೇ, ಅಂದರೆ ೨೦೨೩ರಲ್ಲಿ, ರಾಜ್ಯದ ೨೩೬ ತಾಲ್ಲೂಕುಗಳಲ್ಲಿ ೨೨೩ನ್ನು ಬರಪೀಡಿತವೆಂದು ಸರ್ಕಾರ ಘೋಷಿಸಬೇಕಾಯಿತು. ಹಿಂದೆ ಬೇರೆ ಬೇರೆ ತಲೆಮಾರುಗಳು ಹಾಡಿಕೊಳ್ಳಬಹುದಾಗಿದ್ದ ಎರಡು ಹಾಡುಗಳನ್ನು ಈಗ ಒಂದೇ ತಲೆಮಾರು, ಒಂದೊಂದು ಸಲ ಒಂದೇ ವರ್ಷದಲ್ಲಿ, ಹಾಡಬೇಕಾಗಿದೆ. ಆಪತ್ತನ್ನು ತಾಳಿಕೊಂಡು ಮತ್ತೆ ತಲೆಯೆತ್ತುವ ಊರಿನ ಶಕ್ತಿಗೆ ‘ತಾಳಿಕೆ’ ಎಂಬ ಹೆಸರು ಬಳಕೆಗೆ ಬರುತ್ತಿದೆ. ಹೆಸರು ಹೊಸದು, ವಿಚಾರ ಹಳೆಯದು. ಅದನ್ನು ನಮ್ಮ ಹಾಡುಗಳು ಹೇಗೆ ಕಂಡಿವೆ ಎಂಬುದನ್ನು ನೋಡೋಣ.

‘ಕೆರೆಗೆ ಹಾರ’ದ ಕಥೆ ಎಲ್ಲರಿಗೂ ತಿಳಿದದ್ದೇ. ಕಲ್ಲನಕೇರಿಯ ಗೌಡನಾದ ಮಲ್ಲನಗೌಡನು ಕೆರೆ ಕಟ್ಟಿಸುತ್ತಾನೆ. ಕೆರೆಗೆ ಹನಿ ನೀರೂ ಬರುವುದಿಲ್ಲ. ಜೋಯಿಸನು ಹೊತ್ತಗೆ ತೆರೆದು ನೋಡಿ, ಸೊಸೆಯೊಬ್ಬಳನ್ನು ಕೆರೆಗೆ ಹಾರವಾಗಿ ಕೊಡಬೇಕೆನ್ನುತ್ತಾನೆ. ಹಿರಿಯ ಸೊಸೆಯನ್ನು ಕೊಟ್ಟರೆ ಮನೆಯ ಹಿರಿತನ ಹೋಗುವುದೆಂದು ಎಣಿಸಿ, ಕಿರಿಯ ಸೊಸೆ ಭಾಗೀರಥಿಯನ್ನು ಆರಿಸುತ್ತಾರೆ. ಅವಳ ಗಂಡ ಮಾದೇವರಾಯ ದಂಡಿನಲ್ಲಿದ್ದಾನೆ. ಅವಳು ತವರಿಗೆ ಹೋಗುತ್ತಾಳೆ. ತಂದೆತಾಯಿಗಳಿಗೆ ನಿಜವನ್ನು ಹೇಳಲಾರದೆ, ಅತ್ತೆಮಾವ ತನ್ನನ್ನು ಬೇರೆ ಇಡುವರಂತೆ ಎಂದಷ್ಟೇ ಹೇಳಿ ಕಣ್ಣೀರಿಡುತ್ತಾಳೆ. ಗೆಳತಿಯೊಬ್ಬಳಿಗೆ ಮಾತ್ರ ನಿಜ ತಿಳಿಸುತ್ತಾಳೆ. ಮರಳಿ ಬಂದು ಮನೆಯವರೊಡನೆ ಗಂಗೆಯ ಪೂಜೆಗೆ ಹೋಗುತ್ತಾಳೆ. ಎಲ್ಲರೂ ಹಿಂದಿರುಗುವಾಗ ಮರೆತು ಬಂದ ಬಂಗಾರದ ಬಟ್ಟಲನ್ನು ತರುವ ಕೆಲಸ ಅವಳ ಪಾಲಿಗೆ ಬರುತ್ತದೆ. ಬಟ್ಟಲನ್ನು ತೆಗೆದುಕೊಂಡು ಅವಳು ಮೆಟ್ಟಿಲು ಮೆಟ್ಟಿಲಾಗಿ ಏರುತ್ತಿದ್ದಂತೆ ನೀರು ಪಾದಕ್ಕೆ, ಮೊಳಕಾಲಿಗೆ, ನಡುವಿಗೆ, ಹೀಗೆ ಅವಳೊಡನೆಯೇ ಏರಿ ಕೊನೆಗೆ ಅವಳನ್ನು ನುಂಗುತ್ತದೆ. ಕನಸಿನಲ್ಲಿ ಅಪಶಕುನ ಕಂಡ ಮಾದೇವರಾಯ ಕುದುರೆಯೇರಿ ಬಂದು, ಮನೆಮನೆಯಲ್ಲಿ ವಿಚಾರಿಸಿ, ಗೆಳತಿಯ ಬಾಯಿಂದ ನಿಜವನ್ನು ತಿಳಿದು, ತಾನೂ ಕೆರೆಗೆ ಹಾರುತ್ತಾನೆ.

ಕಟ್ಟಡಕ್ಕೆ ಬಲಿ ಕೊಡುವ ಕಥೆ ನಮ್ಮ ನಾಡಿಗೇ ಮೀಸಲಾದುದಲ್ಲ. ಗ್ರೀಸಿನಲ್ಲಿ ಆರ್ತಾದ ಸೇತುವೆಯ ಹಾಡು ಇದೆ. ಸರ್ಬಿಯಾದಲ್ಲಿ ಸ್ಕಾದರ್ ಕೋಟೆ ಕಟ್ಟಿದ ಹಾಡು ಇದೆ. ರುಮೇನಿಯಾದಲ್ಲಿ ಮನೋಲೆ ಎಂಬ ಶಿಲ್ಪಿಯ ಹಾಡು ಇದೆ. ಅಲ್ಲಿಯೂ ಬಲಿಯಾಗುವವಳು ಹೆಣ್ಣೇ. ಈ ಸಾಮ್ಯವನ್ನು ಗುರುತಿಸಿ ಅಲ್ಲಿಗೇ ನಿಲ್ಲುವುದು ವಾಡಿಕೆ. ಆದರೆ ವ್ಯತ್ಯಾಸದಲ್ಲಿಯೇ ನಮ್ಮ ಹಾಡಿನ ವೈಶಿಷ್ಟ್ಯವಿದೆ. ಆ ದೇಶಗಳ ಹಾಡುಗಳಲ್ಲಿ ಹಗಲು ಕಟ್ಟಿದ್ದು ಇರುಳಲ್ಲಿ ಕುಸಿಯುತ್ತದೆ. ಕಟ್ಟಡ ನಿಲ್ಲಲೆಂದು ಬಲಿ. ನಮ್ಮ ಹಾಡಿನಲ್ಲಿ ಕಟ್ಟಡಕ್ಕೆ ಯಾವ ಊನವೂ ಇಲ್ಲ. ಏರಿ ನಿಂತಿದೆ, ಕೆಲಸ ಮುಗಿದಿದೆ, ಬಾರದಿರುವುದು ನೀರು. ಅಂದರೆ ಮನುಷ್ಯನು ತನ್ನ ಕೈಲಾದುದನ್ನು ಮಾಡಿ ಮುಗಿಸಿದೆನೆಂದು ತಿಳಿದ ಮೇಲೆ ಉಳಿಯುವ ಅಪಾಯವೇ ಇಲ್ಲಿಯ ವಸ್ತು. ಬಯಲು ಸೀಮೆಯ ಜನರು ಮಾತ್ರ ಹಾಡಬಹುದಾದ ಭೇದವಿದು.

ಕೈಲಾದುದೆಲ್ಲವೂ ನಿಜವಾಗಿ ಮುಗಿದಿತ್ತೆ? ಈ ಪ್ರಶ್ನೆಯನ್ನು ಕೇಳುವ ವಿದ್ಯೆ ನಮ್ಮ ಹಿರಿಯರಲ್ಲಿ ಇತ್ತು. ಈಗಿನ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ವಿಜಯನಗರದ ಬುಕ್ಕರಾಯನ ಮಗ ಭಾಸ್ಕರನು ಕಟ್ಟಿಸಿದ ಕೆರೆಯ ದಡದಲ್ಲಿ ೧೩೬೯ರ ಸಂಸ್ಕೃತ ಶಾಸನವೊಂದಿದೆ. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಸಾಧನಗಳನ್ನೂ ಅದಕ್ಕೆ ಬರಬಹುದಾದ ಆರು ದೋಷಗಳನ್ನೂ ಆ ಶಾಸನ ಹೇಳುತ್ತದೆ. ಸಾಧನಗಳಲ್ಲಿ ಧರ್ಮಿಷ್ಠನಾದ ಅರಸನೂ ಇದ್ದಾನೆ, ನೀರಿನ ಶಾಸ್ತ್ರವನ್ನು ಬಲ್ಲವನೂ ಇದ್ದಾನೆ, ಕುಶಲರಾದ ಕೆಲಸಗಾರರೂ ಇದ್ದಾರೆ. ಗಟ್ಟಿ ನೆಲ, ದೂರದಿಂದ ಹರಿದುಬರುವ ಸಿಹಿನೀರಿನ ಹೊಳೆ, ಭದ್ರವಾದ ಕಲ್ಲಿನ ಕಟ್ಟೆ, ಅಗಲವೂ ಆಳವೂ ಆದ ಒಡಲು, ಇವೂ ಎಣಿಕೆಗೆ ಬಂದಿವೆ. ಆರು ದೋಷಗಳಲ್ಲಿ ಎರಡು ನಮಗೆ ಇಲ್ಲಿ ಮುಖ್ಯವಾದವು. ನೀರು ಸ್ವಲ್ಪವಾಗಿ ನೆಲ ವಿಸ್ತಾರವಾಗಿರುವುದು ಒಂದು. ನೆಲ ಸ್ವಲ್ಪವಾಗಿ ನೀರು ಮಿತಿಮೀರಿರುವುದು ಇನ್ನೊಂದು. ನಮ್ಮ ಎರಡು ಹಾಡುಗಳೂ ಈ ಎರಡು ದೋಷಗಳಿಂದಲೇ ಹುಟ್ಟಿವೆಯೋ ಎನ್ನುವಂತಿದೆ ಈ ಮಾತು. ಕೆರೆಗೆ ನೀರು ಬಾರದಿದ್ದರೆ ಶಾಸನಕಾರನು ಹಳ್ಳದ ದಾರಿಯನ್ನೂ ನೆಲದ ಇಳಿಜಾರನ್ನೂ ನೋಡುತ್ತಿದ್ದ; ಕಲ್ಲನಕೇರಿಯ ಜೋಯಿಸನು ಹೊತ್ತಗೆಯನ್ನು ನೋಡಿದ.

ಹಾಡಿಗೆ ನಾವು ಇಂಜಿನಿಯರಿನ ವಿದ್ಯೆಯನ್ನು ಅಂಟಿಸುತ್ತಿರುವೆವೆಂದು ಕೆಲವರು ಆಕ್ಷೇಪಿಸಬಹುದು. ಹಾಗಲ್ಲ. ಹಳ್ಳದ ದಾರಿಯ ಮಾತು ಹಾಡಿನಲ್ಲಿಲ್ಲ ಎಂಬುದನ್ನು ಒಪ್ಪಲೇಬೇಕು. ಆದರೆ ಹಾಡುಗಾರ್ತಿಯು ಏನನ್ನು ಬಿಟ್ಟಿದ್ದಾಳೆ, ಏನನ್ನು ಹಿಡಿದಿದ್ದಾಳೆ ಎಂಬುದನ್ನು ನೋಡಬೇಕಾದುದು ವಿಮರ್ಶಕನ ಕರ್ತವ್ಯ. ಬಲಿಯ ಆಯ್ಕೆಯಾಗುವಾಗ ಹಾಡು ಕೊಡುವ ಕಾರಣ ದೈವದ್ದಲ್ಲ, ಲೌಕಿಕದ್ದು. ಹಿರಿಯ ಸೊಸೆ ಹೋದರೆ ಮನೆಯ ಹಿರಿತನಕ್ಕೆ ಯಾರು ಎಂಬ ಲೆಕ್ಕಾಚಾರ ಅದು. ಕಿರಿಯವಳು ಹೋದರೆ ಮನೆಯ ವ್ಯವಸ್ಥೆಗೆ ಕುಂದಿಲ್ಲ. ಕೇಳಬೇಕಾದ ಗಂಡ ಊರಲ್ಲಿಲ್ಲ. ಆಪತ್ತಿನ ಭಾರ ಯಾರ ಮೇಲೆ ಬೀಳುತ್ತದೆ ಎಂಬುದನ್ನು ಸ್ಥಾನವೇ ನಿರ್ಣಯಿಸುತ್ತದೆಂಬುದನ್ನು ಹಾಡು ಇಷ್ಟು ಸಣ್ಣ ಸಂಭಾಷಣೆಯಲ್ಲಿ ಹೇಳಿಬಿಡುತ್ತದೆ. ಯಾರನ್ನೂ ಅದು ಬಯ್ಯುವುದಿಲ್ಲ, ಗೌಡನನ್ನು ದುಷ್ಟನೆನ್ನುವುದಿಲ್ಲ. ಕೆರೆ ಕಟ್ಟಿಸಿದವನು ಊರ ಹಿತವನ್ನೇ ಬಯಸಿದವನು. ಊರ ಹಿತವನ್ನು ಬಯಸುವವನ ಮನೆಯಲ್ಲಿಯೇ ಈ ಲೆಕ್ಕ ನಡೆಯಿತೆಂಬುದರಲ್ಲಿ ಹಾಡಿನ ಧ್ವನಿ ಇದೆ.

ಇನ್ನೊಂದು ಸೂಕ್ಷ್ಮ ಅಂಶ ಸುದ್ದಿಯ ದಾರಿ. ಭಾಗೀರಥಿಗೆ ತನಗೆ ಒದಗಲಿರುವುದು ಗೊತ್ತಿದೆ. ತಡೆಯುವ ಶಕ್ತಿಯಿದ್ದ ತಂದೆತಾಯಿಗಳಿಗೆ ಅವಳು ಅದನ್ನು ಹೇಳಲಾರಳು. ಅವರು ಮಗಳು ಹೇಳಿದ ಸಣ್ಣ ದುಃಖಕ್ಕೆ ತಕ್ಕಂತೆ, ಬೇರೆ ಇಟ್ಟರೆ ಇಡಲಿ, ಬೇಕಾದುದನ್ನು ನಾವು ಕೊಡುವೆವು ಎಂದು ಸಮಾಧಾನ ಹೇಳುತ್ತಾರೆ. ಅವರ ಪ್ರೀತಿ ನಿಜ, ಆದರೆ ಅದು ತಲಪಬೇಕಾದ ಜಾಗಕ್ಕೆ ತಲಪುವುದಿಲ್ಲ. ನಿಜ ತಿಳಿದ ಗೆಳತಿಗೋ ತಡೆಯುವ ಬಲವಿಲ್ಲ; ಇಟ್ಟಂತೆ ಇರಬೇಕೆಂಬ ಹಳೆಯ ಬುದ್ಧಿವಾದವಷ್ಟೇ ಅವಳಲ್ಲಿದೆ. ಬಲವುಳ್ಳವರಿಗೆ ಸುದ್ದಿಯಿಲ್ಲ, ಸುದ್ದಿಯುಳ್ಳವರಿಗೆ ಬಲವಿಲ್ಲ. ಕೊನೆಯಲ್ಲಿ ನಿಜ ಹೊರಬೀಳುವುದೂ ಆ ಗೆಳತಿಯ ಬಾಯಿಂದಲೇ, ಆದರೆ ಕೆರೆ ತುಂಬಿದ ಮೇಲೆ. ಕಥೆಯ ದುರಂತಕ್ಕೆ ಜೋಯಿಸನ ಮಾತು ಎಷ್ಟು ಕಾರಣವೋ ಈ ಮುಚ್ಚಿದ ದಾರಿಯೂ ಅಷ್ಟೇ ಕಾರಣ.

ನಾಯಿಕೆಯ ಹೆಸರಿನಲ್ಲಿಯೂ ಒಂದು ಮರ್ಮವಿದೆ. ಭಾಗೀರಥಿ ಎಂದರೆ ಗಂಗೆ. ಪುರಾಣದ ಭಗೀರಥನು ತಾನೇ ತಪಸ್ಸು ಮಾಡಿ, ತಾನೇ ಕಷ್ಟಪಟ್ಟು, ಗಂಗೆಯನ್ನು ಇಳಿಸಿ ತಂದ. ಆದುದರಿಂದ ಅವಳಿಗೆ ಆ ಹೆಸರು. ಇಲ್ಲಿ ನೀರನ್ನು ತರಲು ಹೊರಟ ಗೌಡನು ತಪಸ್ಸು ಮಾಡಲಿಲ್ಲ. ಗಂಗೆಯ ಹೆಸರುಳ್ಳ ಹುಡುಗಿಯನ್ನೇ ಕೊಟ್ಟು ಗಂಗೆಯನ್ನು ಪಡೆದ. ಇದನ್ನು ಹಾಡು ಬಾಯಿಬಿಟ್ಟು ಹೇಳುವುದಿಲ್ಲ. ಹೆಸರನ್ನಿಟ್ಟು ಸುಮ್ಮನಾಗುತ್ತದೆ.

ಇಲ್ಲಿ ಒಂದು ಬಲವಾದ ಆಕ್ಷೇಪಕ್ಕೆ ಉತ್ತರ ಹೇಳಬೇಕು. ಹಾಡಿನಲ್ಲಿ ಕೆರೆ ತುಂಬುತ್ತದೆಯಲ್ಲವೆ? ಬಲಿ ಫಲಿಸಿತಲ್ಲವೆ? ಹಾಗಾದರೆ ಹಾಡು ಬಲಿಯನ್ನು ಒಪ್ಪಿದಂತೆಯೇ ಆಯಿತು ಎಂದು ಒಂದು ಪಕ್ಷ ಹೇಳುತ್ತದೆ. ಶಾಲೆಯ ಪಾಠಗಳಲ್ಲಿ ಭಾಗೀರಥಿಯನ್ನು ತ್ಯಾಗದ ಮೂರ್ತಿಯೆಂದು ಕೊಂಡಾಡುವುದಕ್ಕೆ ಈ ಅಭಿಪ್ರಾಯವೇ ಆಧಾರ. ಆದರೆ ಕೆರೆ ತುಂಬಿದ ಮೇಲೆ ಹಾಡು ಎಲ್ಲಿಗೆ ಹೋಗುತ್ತದೆಂಬುದನ್ನು ನೋಡಿರಿ. ತೂಬು ತೆರೆಯುವುದಿಲ್ಲ, ಒಂದು ಗದ್ದೆಗೂ ನೀರು ಹಾಯುವುದಿಲ್ಲ, ಒಂದು ತೆನೆಯೂ ತೂಗುವುದಿಲ್ಲ. ಊರು ಬದುಕಿತೆಂಬ ಒಂದು ಮಾತೂ ಇಲ್ಲ. ಹಾಡು ನೀರನ್ನು ಅಲ್ಲಿಯೇ ಬಿಟ್ಟು ದಂಡಿನಲ್ಲಿರುವ ಮಾದೇವರಾಯನ ಕನಸಿಗೆ ಹೋಗುತ್ತದೆ. ಆಮೇಲೆ ನೀರಿನ ಮಾತು ಬರುವುದು ಅವನು ಮನೆಗೆ ಬಂದಾಗ, ಕಾಲಿಗೆ ನೀರು ಕೊಡಿರೆಂದು ಹಿರಿಯರು ಉಪಚರಿಸುವಲ್ಲಿ. ಆ ನೀರು ಏತಕ್ಕೆ, ಭಾಗೀರಥಿ ಎಲ್ಲಿ ಎಂಬುದು ಅವನ ಉತ್ತರ. ಊರೆಲ್ಲ ಬಯಸಿದ ನೀರು ಕೈಗೆ ಬಂದಾಗ ಅದನ್ನು ಬೇಡವೆನ್ನುವವನೊಬ್ಬನನ್ನು ಹಾಡು ನಮ್ಮ ಮುಂದೆ ನಿಲ್ಲಿಸುತ್ತದೆ. ಕೊನೆಗೆ ಅವನೂ ಅದೇ ನೀರಿಗೆ ಹಾರುವುದರಿಂದ, ಕಿರಿಯವಳೊಬ್ಬಳನ್ನು ಕೊಟ್ಟು ಉಳಿದುದೆಲ್ಲವನ್ನೂ ಉಳಿಸಿಕೊಳ್ಳಬಹುದೆಂಬ ಗೌಡನ ಲೆಕ್ಕ ತಪ್ಪಾಗುತ್ತದೆ. ಮನೆ ತನ್ನ ಮಗನನ್ನೂ ಕಳೆದುಕೊಳ್ಳುತ್ತದೆ. ಇದು ತ್ಯಾಗದ ಪ್ರಶಂಸೆಯಲ್ಲ; ಊರಿನ ಮೇಲೆ ಹಾಡು ಕೊಟ್ಟ ತೀರ್ಪು. ಭಾಗೀರಥಿ ತ್ಯಾಗ ಮಾಡಲಿಲ್ಲ, ಅವಳಿಂದ ಅದನ್ನು ಕಸಿದುಕೊಂಡರು ಎಂಬ ಭೇದವನ್ನು ಮರೆತು ಪಾಠ ಹೇಳಿದರೆ, ಹಾಡನ್ನು ಹಾಡಿನ ವಿರುದ್ಧವೇ ಓದಿದಂತಾಗುತ್ತದೆ.

ಈಗ ಎರಡನೆಯ ಹಾಡಿಗೆ ಬರೋಣ. ಮದಗವೆಂಬ ಹೆಸರಿನ ಕೆರೆಗಳು ನಾಡಿನಲ್ಲಿ ಒಂದಕ್ಕಿಂತ ಹೆಚ್ಚು ಇರುವುದರಿಂದ ಹಾಡಿನ ಕೆರೆ ಯಾವುದೆಂಬ ಚರ್ಚೆಯನ್ನು ಇಲ್ಲಿ ಎತ್ತುವುದಿಲ್ಲ. ಕಥೆಯೆಂದು ಹೇಳುವಷ್ಟು ಕಥೆ ಇದರಲ್ಲಿಲ್ಲ. ಹಿಂದೆಂದೂ ಕಾಣದ ಮಳೆ ಬಂದು ಕೆರೆ ತುಂಬುತ್ತದೆ. ಕೆರೆಯ ಗಂಗಮ್ಮ ತಾನೇ ಮಾತನಾಡುತ್ತಾಳೆ. ಏರಿಯ ಮೇಲಿರುವ ಬಲ್ಲಾಳರಾಯನನ್ನೂ ಕೆರೆಯೊಳಗಿರುವ ಬೆಸ್ತರ ಹುಡುಗನನ್ನೂ ಕೂಗಿ ಕರೆದು, ಓಡಿಹೋಗಿ ಸುದ್ದಿ ಮುಟ್ಟಿಸಿರೆನ್ನುತ್ತಾಳೆ. ತಾನು ಇನ್ನು ಇಲ್ಲಿ ನಿಲ್ಲಲಾರೆನೆಂದು ಹೇಳುತ್ತಾಳೆ. ಸಾವಿರಗಟ್ಟಲೆ ಒಡ್ಡರನ್ನು ಕರೆಸಿ, ಸಾವಿರಗಟ್ಟಲೆ ಗುದ್ದಲಿಗಳನ್ನು ತರಿಸಿ, ಸೋಲು ಕಂಡ ಕಡೆಗೆಲ್ಲ ಮಣ್ಣು ಹಾಕಿಸಬೇಕೆನ್ನುತ್ತಾಳೆ. ಕುರಿಗಳ ಬಲಿಯ ಮಾತು ಬರುತ್ತದೆ. ಬಂಡಿಗಳಲ್ಲಿ ವೀಳ್ಯದಡಕೆ, ಚಿಗಳಿ, ತಂಬಿಟ್ಟುಗಳನ್ನು ತಂದು ಪೂಜೆ ಮಾಡಿಸುವ ಮಾತು ಬರುತ್ತದೆ. ಸಂಖ್ಯೆಗಳು ಹಾಡುವವರ ಬಾಯಲ್ಲಿ ಹೆಚ್ಚುಕಡಮೆಯಾಗುವುದುಂಟು. ಎಲ್ಲ ಪಾಠಗಳಲ್ಲಿಯೂ ಬದಲಾಗದಿರುವುದು ಪಲ್ಲವಿಯಂತೆ ಮರಳಿ ಮರಳಿ ಬರುವ ಅವಳ ಒಂದೇ ಮಾತು: ನಿಲ್ಲುವವಳಲ್ಲ ತಾನು.

ಮೊದಲನೆಯ ಹಾಡಿನೊಡನೆ ಹೋಲಿಸಿದರೆ ಇದರ ಬೆಲೆ ತಿಳಿಯುತ್ತದೆ. ಅಲ್ಲಿ ಗಂಗೆಯ ಹೆಸರಿನವಳು ಮೌನವಾಗಿರಬೇಕಾಯಿತು. ಇಲ್ಲಿ ಗಂಗೆಯೇ ಕೂಗಿ ಹೇಳುತ್ತಾಳೆ. ಅಲ್ಲಿ ಸುದ್ದಿಗೆ ದಾರಿ ಮುಚ್ಚಿತ್ತು. ಇಲ್ಲಿ ಅದು ಬೆಸ್ತರ ಹುಡುಗನಿಗೂ ಅರಸನಿಗೂ ಒಂದೇ ಉಸಿರಿನಲ್ಲಿ ತಲಪುತ್ತದೆ. ನೀರನ್ನು ದಿನವೂ ಬಲ್ಲವನು ಬೆಸ್ತರ ಹುಡುಗ. ಆಳುಗಳನ್ನು ಕರೆಸಬಲ್ಲವನು ಬಲ್ಲಾಳರಾಯ. ತಿಳಿದವನನ್ನೂ ಬಲ್ಲಿದನನ್ನೂ ಒಂದೇ ಕೂಗಿನಲ್ಲಿ ಸೇರಿಸಿದ್ದು ಈ ಹಾಡಿನ ದೊಡ್ಡ ಗುಣ. ಅಲ್ಲಿ ಭಾರ ಒಬ್ಬಳ ಕೊರಳಿಗೆ ಬಿತ್ತು. ಇಲ್ಲಿ ಸಾವಿರ ಹೆಗಲುಗಳ ಮೇಲೆ ಹಂಚಿಹೋಯಿತು. ಪೂಜೆ ಇಲ್ಲಿಯೂ ಇದೆ. ಆದರೆ ಮಣ್ಣಿನ ಕೆಲಸವೂ ಅದರ ಜೊತೆಗೇ ಇದೆ. ಅವಸರವನ್ನು ಹಾಡಿನ ನಡೆಯೇ ತೋರಿಸುತ್ತದೆ. ವರ್ಣನೆಗೆ ಅದು ನಿಲ್ಲುವುದಿಲ್ಲ. ಅಪ್ಪಣೆಯ ಮೇಲೆ ಅಪ್ಪಣೆ, ನಡುನಡುವೆ ಎಚ್ಚರಿಕೆಯ ಪಲ್ಲವಿ. ಮಣ್ಣು ಹಾಕಿದ ಮೇಲೆಯೂ, ಪೂಜೆಯಾದ ಮೇಲೆಯೂ ಆ ಪಲ್ಲವಿ ಹೋಗುವುದಿಲ್ಲ. ಇಷ್ಟು ಮಾಡಿದರೆ ಇನ್ನು ಭಯವಿಲ್ಲವೆಂಬ ಆಶ್ವಾಸನೆಯನ್ನು ಹಾಡು ಕೊಡುವುದಿಲ್ಲ. ಕೆರೆಯನ್ನು ಕಾಯುವುದು ಒಮ್ಮೆ ಮಾಡಿ ಮುಗಿಸುವ ಕೆಲಸವಲ್ಲವೆಂದು ತಿಳಿದವರು ಕಟ್ಟಿದ ಹಾಡು ಇದು.

ಈ ತಿಳಿವಳಿಕೆ ಹಾಡಿನಲ್ಲಿ ಮಾತ್ರ ಉಳಿದದ್ದಲ್ಲ. ಊರಿನ ನಡವಳಿಕೆಯಲ್ಲಿಯೂ ಇತ್ತು. ಕೆರೆಯನ್ನು ಕಟ್ಟಿಸಿದವರು ಅದರ ದುರಸ್ತಿಗಾಗಿ ಭೂಮಿಯನ್ನೋ ಹುಟ್ಟುವಳಿಯ ಪಾಲನ್ನೋ ಬಿಡುತ್ತಿದ್ದುದನ್ನು ನಮ್ಮ ಶಾಸನಗಳು ‘ಬಿತ್ತುವಟ್ಟ’ವೆಂಬ ಹೆಸರಿನಿಂದ ಹೇಳುತ್ತವೆ. ತೂಬನ್ನು ತೆರೆದು ಅಚ್ಚುಕಟ್ಟಿನ ಗದ್ದೆಗಳಿಗೆ ಸರದಿಯಂತೆ ನೀರು ಹಾಯಿಸಲು ನೀರುಗಂಟಿ ಇದ್ದ. ಬೇಸಗೆಯಲ್ಲಿ ಹೂಳೆತ್ತಿ ಗದ್ದೆಗೆ ಹೊಡೆಯುತ್ತಿದ್ದರು. ಕೆರೆಗೆ ಒಡಲು, ಗದ್ದೆಗೆ ಗೊಬ್ಬರ. ಮೇಲಿನ ಕೆರೆಯ ಕೋಡಿ ಹರಿದು ಕೆಳಗಿನ ಕೆರೆಗೆ, ಅಲ್ಲಿಂದ ಅದರ ಕೆಳಗಿನದಕ್ಕೆ, ಹೀಗೆ ಸರಪಣಿಯಂತೆ ಕೆರೆಗಳು ಕೂಡಿಕೊಂಡಿದ್ದುವು. ಈ ಸರಪಣಿಯಲ್ಲಿ ಒಂದು ಕೆರೆಯನ್ನು ಮುಚ್ಚಿ ಮನೆ ಕಟ್ಟಿದರೆ ನೆರೆಯ ಕಾಲದಲ್ಲಿ ಕೆಳಗಿನವರು ಮುಳುಗುತ್ತಾರೆ. ಒಂದು ಕಾಲುವೆಯನ್ನು ಒತ್ತುವರಿ ಮಾಡಿದರೆ ಬರದ ಕಾಲದಲ್ಲಿ ಕೆಳಗಿನ ಕೆರೆ ಒಣಗುತ್ತದೆ. ಬರವನ್ನೂ ನೆರೆಯನ್ನೂ ಒಟ್ಟಿಗೆ ತಾಳುವ ಏರ್ಪಾಟು ಒಂದೇ ಆಗಿತ್ತೆಂಬುದು ಇದರಿಂದ ಸ್ಪಷ್ಟ. ಕರ್ನಾಟಕದಲ್ಲಿ ಇಂದಿಗೂ ೩೬ ಸಾವಿರಕ್ಕೂ ಮಿಕ್ಕ ಕೆರೆಗಳು ಲೆಕ್ಕದಲ್ಲಿವೆ. ಲೆಕ್ಕದಲ್ಲಿರುವ ಕೆರೆಗಳಿಗೆಲ್ಲ ಕಾಯುವವರಿದ್ದಾರೆಯೆ ಎಂಬುದೇ ಪ್ರಶ್ನೆ.

ಸುದ್ದಿ ಮುಟ್ಟಿಸುವುದರಿಂದ ಪ್ರಾಣ ಉಳಿಯುವುದೆಂಬುದು ಕವಿಕಲ್ಪನೆಯಷ್ಟೇ ಎನ್ನುವವರು ಒಡಿಶಾವನ್ನು ನೋಡಬಹುದು. ೧೯೯೯ರ ಅಕ್ಟೋಬರಿನ ಚಂಡಮಾರುತದಲ್ಲಿ ಅಲ್ಲಿ ಹತ್ತು ಸಾವಿರದಷ್ಟು ಜನ ಸತ್ತರು. ೨೦೧೩ರಲ್ಲಿ ಫೈಲಿನ್ ಎಂಬ ಮಹಾಚಂಡಮಾರುತ ಅದೇ ಕರಾವಳಿಗೆ ಬಂದಾಗ ಸತ್ತವರ ಸಂಖ್ಯೆ ಕೆಲವು ಹತ್ತುಗಳಲ್ಲಿ ನಿಂತಿತು. ನಡುವಿನ ವರ್ಷಗಳಲ್ಲಿ ಕರಾವಳಿಯ ಊರುಗಳಲ್ಲಿ ಆಶ್ರಯ ಕಟ್ಟಡಗಳು ಎದ್ದಿದ್ದುವು. ಮುನ್ಸೂಚನೆ ಹಳ್ಳಿಯವರೆಗೆ ಹೋಗುವ ದಾರಿ ಸಿದ್ಧವಾಗಿತ್ತು. ಮನೆಮನೆಗೆ ಹೋಗಿ ಜನರನ್ನು ಎಬ್ಬಿಸುವವರು ಊರೊಳಗೇ ಇದ್ದರು. ಹತ್ತು ಲಕ್ಷದಷ್ಟು ಜನರನ್ನು ಮುಂಚಿತವಾಗಿ ಬೇರೆಡೆಗೆ ಕಳುಹಿಸಿದ್ದರು. ಬಿರುಗಾಳಿಯನ್ನು ಯಾರೂ ತಡೆಯಲಿಲ್ಲ. ಸುದ್ದಿಯನ್ನು ಮಾತ್ರ ತಡೆಯದೆ ಬಿಟ್ಟರು. ನಮ್ಮ ರಾಜ್ಯದಲ್ಲಿಯೂ ೧೯೮೮ರಲ್ಲಿ ಬರವನ್ನು ಅಳೆಯಲೆಂದು ಒಂದು ಘಟಕ ಹುಟ್ಟಿ, ಬೆಳೆದು, ಈಗ ನೈಸರ್ಗಿಕ ವಿಕೋಪಗಳೆಲ್ಲದರ ಉಸ್ತುವಾರಿ ಕೇಂದ್ರವಾಗಿದೆ. ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ ಮಳೆಮಾಪಕಗಳಿವೆ. ಗಂಗಮ್ಮನ ಕೂಗು ಇಂದು ಯಂತ್ರದ ಮೂಲಕ ಕೇಳಿಸುತ್ತದೆಂದು ಹೇಳಬಹುದು. ಅದು ಬೆಸ್ತರ ಹುಡುಗನಿಗೂ ಕೇಳಿಸುವಂತಿರಬೇಕು, ಅವನು ಹೇಳಿದ್ದನ್ನು ಏರಿಯ ಮೇಲಿನವರು ಕೇಳುವಂತೆಯೂ ಇರಬೇಕು. ಇದರಲ್ಲಿ ಎರಡನೆಯದು ಯಂತ್ರದಿಂದ ಆಗುವ ಕೆಲಸವಲ್ಲ.

ಮದಗದ ಹಾಡನ್ನು ಇಷ್ಟು ಮೆಚ್ಚಿದ ಮೇಲೆ ಅದರ ಕೊರತೆಯನ್ನು ಮುಚ್ಚಿಡುವುದು ನ್ಯಾಯವಲ್ಲ. ಸಾವಿರ ಸಾವಿರ ಒಡ್ಡರು ಈ ಹಾಡಿಗೆ ಬರುತ್ತಾರೆ, ಒಬ್ಬನಿಗೂ ಹೆಸರಿಲ್ಲ. ಬಲ್ಲಾಳರಾಯನಿಗೆ ಹೆಸರಿದೆ, ಗಂಗಮ್ಮನಿಗೆ ಮಾತಿದೆ. ಮಣ್ಣು ಹೊತ್ತವರಿಗೆ ಸಂಖ್ಯೆ ಮಾತ್ರವಿದೆ. ಕೆರೆಯನ್ನು ಉಳಿಸಿದವರಿಗೆ ಅದರ ಅಚ್ಚುಕಟ್ಟಿನಲ್ಲಿ ಗೇಣು ನೆಲವಾದರೂ ಇತ್ತೆ ಎಂದು ಹಾಡು ಕೇಳುವುದಿಲ್ಲ. ಆ ಪ್ರಶ್ನೆಯನ್ನು ಕೇಳಿದ್ದು ‘ಕೆರೆಗೆ ಹಾರ’, ತನ್ನದೇ ರೀತಿಯಲ್ಲಿ. ಕೆಲಸ ಹೇಗೆ ಆಗಬೇಕೆಂಬುದನ್ನು ಒಂದು ಹಾಡು ಬಲ್ಲದು. ಅದರ ಬೆಲೆಯನ್ನು ಯಾರು ತೆತ್ತರೆಂಬುದನ್ನು ಇನ್ನೊಂದು ಬಲ್ಲದು. ಒಂದನ್ನು ಬಿಟ್ಟು ಇನ್ನೊಂದನ್ನು ಓದಬಾರದೆಂದು ನಾವು ಹೇಳುವುದು ಇದಕ್ಕಾಗಿಯೇ.

ಬೆಲೆಯ ಪ್ರಶ್ನೆ ಚರಿತ್ರೆಯಲ್ಲಿಯೂ ಇದೆ. ೧೮೭೬ರಿಂದ ೧೮೭೮ರವರೆಗಿನ ಮಹಾಕ್ಷಾಮದಲ್ಲಿ ಮೈಸೂರು ಸೀಮೆ ಬೆಂದುಹೋಯಿತು. ೧೮೭೧ರ ಜನಗಣತಿಯಲ್ಲಿ ೫೦ ಲಕ್ಷದಷ್ಟಿದ್ದ ಜನಸಂಖ್ಯೆ ೧೮೮೧ರ ಗಣತಿಯಲ್ಲಿ ೪೨ ಲಕ್ಷದ ಸಮೀಪಕ್ಕೆ ಇಳಿದಿತ್ತು. ಮಳೆ ತಪ್ಪಿದ್ದು ಎಲ್ಲರಿಗೂ. ಸತ್ತವರಲ್ಲಿ ಹೆಚ್ಚಿನವರು ನೆಲವಿಲ್ಲದ ಕೂಲಿಗಳು, ಬಡ ಕಸುಬುದಾರರು, ಸಣ್ಣ ಒಕ್ಕಲಿಗರು. ಇಂದಿನ ಆಪತ್ತುಗಳಲ್ಲಿ ಸಾವು ಆ ಪ್ರಮಾಣದಲ್ಲಿಲ್ಲವೆಂಬುದು ಸಮಾಧಾನದ ವಿಷಯ. ಆದರೂ ಹೊಳೆಯ ತಗ್ಗಿನಲ್ಲಿ ಗುಡಿಸಲು ಹಾಕಿದವರು ಯಾರು, ಬರ ಬಂದಾಗ ಮನೆಗೆ ಬೀಗ ಹಾಕಿ ಗುಳೆ ಹೋಗುವವರು ಯಾರು, ದೂರದಿಂದ ಕೊಡ ಹೊತ್ತು ನೀರು ತರುವವರು ಯಾರು ಎಂದು ವಿಚಾರಿಸಿದರೆ ಕಲ್ಲನಕೇರಿಯ ಲೆಕ್ಕ ಇನ್ನೂ ಪೂರ್ತಿ ಅಳಿದಿಲ್ಲವೆಂದು ತೋರುತ್ತದೆ. ನೆರೆ ಇಳಿದ ಮೇಲೆ ಜನರ ಸಹನೆಯನ್ನೂ ತ್ಯಾಗವನ್ನೂ ಹೊಗಳಿ ಭಾಷಣ ಮಾಡುವುದು ನಮ್ಮಲ್ಲಿ ಪದ್ಧತಿಯಾಗಿದೆ. ಹೊಗಳಿಕೆ ತಪ್ಪಲ್ಲ. ಆದರೆ ತಾಳಿಕೆ ಎಂಬುದು ಕೆಲವರು ಸದಾ ತಾಳಿಕೊಳ್ಳುತ್ತಲೇ ಇರಬೇಕೆಂಬ ಅರ್ಥಕ್ಕೆ ಇಳಿದರೆ ಆ ಮಾತಿಗೆ ಬೆಲೆಯಿಲ್ಲ. ಊರಿನ ತಾಳಿಕೆಯನ್ನು ಅಳೆಯುವಾಗ ಏರಿಯ ಎತ್ತರವನ್ನು ನೋಡಿದಂತೆಯೇ, ಬಟ್ಟಲು ತರಲು ಕೊನೆಗೆ ಯಾರನ್ನು ಕಳುಹಿಸುತ್ತಾರೆ ಎಂಬುದನ್ನೂ ನೋಡಬೇಕು.

ಕಡೆಯದಾಗಿ ಒಂದು ಸೂಚನೆ. ನಮ್ಮ ಜಿಲ್ಲೆಯ ಸಂಘ ಹಳ್ಳಿಯ ಹಾಡುಗಳನ್ನು ಸಂಗ್ರಹಿಸುವ ಕಾರ್ಯದಲ್ಲಿ ಆಸಕ್ತಿಯುಳ್ಳದ್ದು. ಕೆರೆಯ ಹಾಡನ್ನು ಬರೆದುಕೊಳ್ಳುವ ಸದಸ್ಯರು ಅದರೊಡನೆ ಆ ಊರಿನ ಕೆರೆಯ ಹೆಸರನ್ನೂ, ಅದಕ್ಕೆ ನೀರು ಬರುವ ಹಳ್ಳವನ್ನೂ, ಕೋಡಿ ಹರಿದು ಹೋಗುವ ಕೆಳಗಿನ ಕೆರೆಯನ್ನೂ, ಹಿಂದೆ ನೀರುಗಂಟಿಕೆ ಮಾಡುತ್ತಿದ್ದ ಮನೆತನ ಈಗಲೂ ಆ ಕೆಲಸದಲ್ಲಿದೆಯೆ ಎಂಬುದನ್ನೂ, ಕೆರೆ ಯಾವ ಯಾವ ವರ್ಷ ಒಡೆಯಿತು, ಯಾವ ಯಾವ ವರ್ಷ ಬತ್ತಿತು ಎಂದು ಹಿರಿಯರು ನೆನೆಯುವುದನ್ನೂ ಬರೆದುಕೊಳ್ಳಲಿ. ಹೆಂಗಸರ ಪಾಠವನ್ನೂ ಗಂಡಸರ ಪಾಠವನ್ನೂ ಬೇರೆ ಬೇರೆಯಾಗಿ ಗುರುತಿಸಲಿ. ಬಟ್ಟಲಿನ ಪ್ರಸಂಗವನ್ನು ಇಬ್ಬರೂ ಒಂದೇ ರೀತಿಯಲ್ಲಿ ಹಾಡುವರೆ ಎಂದು ನೋಡಬೇಕಾಗಿದೆ. ಮುಂದೊಮ್ಮೆ ಈ ಪತ್ರಿಕೆಯಲ್ಲಿ ಹಾಡುಗಳನ್ನು ಪ್ರಕಟಿಸುವಾಗ ಆ ವಿವರಗಳೂ ಜೊತೆಗೆ ಬಂದರೆ, ಸಾಹಿತ್ಯವನ್ನು ಬಯಸುವವರಿಗೆ ಹಾಡು ದೊರೆಯುತ್ತದೆ. ಆ ಕೆರೆಯ ಕೆಳಗೆ ಬದುಕುವವರಿಗೆ ತಮ್ಮ ಕೆರೆಯ ಚರಿತ್ರೆಯೂ ದೊರೆಯುತ್ತದೆ.